ಡೇಟಾ ಸೈನ್ಸ್ ತರಗತಿಯಲ್ಲಿ ತಂಡದ ಪ್ರಗತಿ ಹೇಳುವುದು ಹೇಗೆ

ಪ್ರಾಜೆಕ್ಟ್ ನಡುವಿನ ಪ್ರೆಸೆಂಟೇಶನ್‌ನಲ್ಲಿ ಕೇಳುಗರು ಹುಡುಕುವುದು ಮೂರೇ ಸಂಗತಿ: ಕಳೆದ ಸಲದಿಂದೀಚೆಗೆ ಏನು ಬದಲಾಯಿತು, ಅದಕ್ಕೆ ಆಧಾರವೇನು, ಎಲ್ಲಿ ಸಿಕ್ಕಿಕೊಂಡಿದ್ದೀರಿ.

ಹತ್ತು ನಿಮಿಷ ಸಿಕ್ಕರೆ ಏಳು ನಿಮಿಷದ ಮಾತು ಸಿದ್ಧಮಾಡಿ, ಉಳಿದದ್ದು ಪ್ರಶ್ನೆಗಳಿಗೆ. ಆರೇಳು ಸ್ಲೈಡ್ ಸಾಕು. ಪ್ರಾಜೆಕ್ಟಿನ ಪ್ರಶ್ನೆಯನ್ನು ಮೊದಲ ಸ್ಲೈಡಿನಲ್ಲಿ ಒಂದೇ ವಾಕ್ಯದಲ್ಲಿ ಮತ್ತೆ ಹೇಳಿ. ಹಿಂದಿನ ಸಲ ಹೇಳಿದ್ದು ಬೇರೆ ತಂಡದವರಿಗೆ ನೆನಪಿರುವುದಿಲ್ಲ. ಆಮೇಲೆ ಡೇಟಾ: ಒಂದು ಸಾಲು ಎಂದರೆ ಒಬ್ಬ ಗ್ರಾಹಕನೋ ಒಂದು ಖರೀದಿಯೋ, ಒಟ್ಟು ಎಷ್ಟು ಸಾಲು, ಶುಚಿಮಾಡುವಾಗ ಎಷ್ಟು ಕೈಬಿಟ್ಟಿರಿ, ಏಕೆ.

ತಂಡಗಳು ಎಡವುವುದು ಫಲಿತಾಂಶದ ಸ್ಲೈಡಿನಲ್ಲಿ. ‘ಅಕ್ಯುರೆಸಿ 95%’ (ನೂರಕ್ಕೆ 95 ಊಹೆ ಸರಿ) ಎಂದಷ್ಟೇ ಹೇಳಿದರೆ ಏನೂ ತಿಳಿಯುವುದಿಲ್ಲ. ಡೇಟಾದ 95% ಸಾಲುಗಳ ಉತ್ತರ ‘ಇಲ್ಲ’ ಎಂದಿದ್ದರೆ, ಎಲ್ಲಕ್ಕೂ ‘ಇಲ್ಲ’ ಎನ್ನುವ ಮಾಡೆಲ್ಲಿಗೂ ಅಷ್ಟೇ ಬರುತ್ತದೆ. ಹಾಗಾಗಿ ಬೇಸ್‌ಲೈನ್ ಅಂಕಿ, ಅಂದರೆ ಇಂಥ ಸರಳ ಊಹೆಗೇ ಬರುವ ಅಂಕಿ, ಪಕ್ಕದಲ್ಲೇ ಇರಲಿ. ವರ್ಗಗಳು (‘ಹೌದು’, ‘ಇಲ್ಲ’) ಅಸಮವಾಗಿದ್ದರೆ ಪ್ರಿಸಿಶನ್ (ಮಾಡೆಲ್ ‘ಹೌದು’ ಎಂದವುಗಳಲ್ಲಿ ಎಷ್ಟು ನಿಜ), ರಿಕಾಲ್ (ನಿಜವಾದ ‘ಹೌದು’ಗಳಲ್ಲಿ ಎಷ್ಟನ್ನು ಹಿಡಿಯಿತು) ಕೊಡಿ. ಕ್ರಾಸ್ ವ್ಯಾಲಿಡೇಶನ್ (ಡೇಟಾವನ್ನು ಭಾಗ ಮಾಡಿ, ಸರದಿಯಂತೆ ಒಂದೊಂದನ್ನು ಬದಿಗಿಟ್ಟು ಪರೀಕ್ಷಿಸುವುದು) ಮಾಡಿದ್ದರೆ ಸರಾಸರಿಯ ಜೊತೆ ಏರಿಳಿತವನ್ನೂ ತೋರಿಸಿ. ಐದು ಫೋಲ್ಡ್‌ಗಳ (ಆ ಭಾಗಗಳ) ನಡುವೆಯೇ 4 ಶೇಕಡಾ ಅಂಶದ ಹೆಚ್ಚುಕಡಿಮೆ ಇರುವಾಗ 1 ಅಂಶ ಏರಿದ್ದನ್ನು ಅಷ್ಟರಿಂದಲೇ ಸುಧಾರಣೆ ಎನ್ನಲಾಗದು. ಟೆಸ್ಟ್ ಡೇಟಾವನ್ನು (ಕೊನೆಯ ಪರೀಕ್ಷೆಗೆಂದು ಬದಿಗಿಟ್ಟ ಸಾಲುಗಳನ್ನು) ಈಗ ಮುಟ್ಟಲೇಬೇಡಿ: ಅದನ್ನು ನೋಡುತ್ತ ಮಾಡೆಲ್ ತಿದ್ದುತ್ತ ಹೋದರೆ ಕೊನೆಯ ಅಂಕಿಯನ್ನು ಯಾರೂ ನಂಬುವಂತಿಲ್ಲ. ಅಂಕಿ ಇದ್ದಕ್ಕಿದ್ದಂತೆ 99%ಕ್ಕೆ ಜಿಗಿದರೆ ಲೀಕೇಜ್ (ಉತ್ತರ ಮಾಡೆಲ್ಲಿಗೆ ಮೊದಲೇ ಸೋರಿರುವುದು) ಹುಡುಕಿ. ಉತ್ತರ ಗೊತ್ತಾದ ಮೇಲಷ್ಟೇ ದಾಖಲಾಗುವ ಕಾಲಂ ಒಳಗೆ ಸೇರಿದೆಯೇ, ಒಬ್ಬನೇ ಗ್ರಾಹಕನ ಸಾಲುಗಳು ಕಲಿಕೆಯ, ಪರೀಕ್ಷೆಯ ಎರಡೂ ಭಾಗಕ್ಕೆ ಹಂಚಿಹೋಗಿವೆಯೇ, ನೋಡಿ.

ಕೋಡ್ ಬರೆದ ನೋಟ್‌ಬುಕ್ಕಿನ ಸ್ಕ್ರೀನ್‌ಶಾಟ್ ಅಂಟಿಸಬೇಡಿ, ಹಿಂದಿನ ಬೆಂಚಿನವರಿಗೆ ಕಾಣುವುದಿಲ್ಲ. ಗ್ರಾಫಿನ ಅಕ್ಷರ 18 ಪಾಯಿಂಟ್‌ಗಿಂತ ಚಿಕ್ಕದಾಗದಿರಲಿ. ಕೆಂಪು–ಹಸಿರು ಕೆಲವರಿಗೆ ಬೇರೆಬೇರೆಯಾಗಿ ಕಾಣದು, ನೀಲಿ–ಕಿತ್ತಳೆ ಬಳಸಿ. ಹಿಂದಿನ ದಿನ ಕರ್ನಲ್ (ಕೋಡ್ ಓಡಿಸುವ ಭಾಗ) ರೀಸ್ಟಾರ್ಟ್ ಮಾಡಿ ನೋಟ್‌ಬುಕ್ಕನ್ನು ಮೊದಲಿನಿಂದ ರನ್ ಮಾಡಿ. ಸೆಲ್‌ಗಳನ್ನು (ಕೋಡಿನ ತುಂಡುಗಳನ್ನು) ಹಿಂದುಮುಂದಾಗಿ ರನ್ ಮಾಡಿದ್ದರೆ ಸ್ಲೈಡಿನಲ್ಲಿರುವ ಅಂಕಿ ಮತ್ತೆ ಸಿಗದೇ ಹೋಗಬಹುದು.

ಮಾತಾಡುವವರು ಇಬ್ಬರಿದ್ದರೆ ಒಳ್ಳೆಯದು. ನಿಮಿಷಕ್ಕೊಬ್ಬರು ಎದ್ದು ನಿಂತರೆ ಎಳೆ ತಪ್ಪುತ್ತದೆ. ಉಳಿದವರು ಪ್ರಶ್ನೆಗಳನ್ನು ವಹಿಸಿಕೊಳ್ಳಲಿ: ಡೇಟಾ ಬಗ್ಗೆ ಯಾರು, ಮಾಡೆಲ್ ಬಗ್ಗೆ ಯಾರು ಎಂದು ಮೊದಲೇ ಗೊತ್ತುಮಾಡಿ. ಬಂದ ಸಲಹೆಗಳನ್ನು ಒಬ್ಬರು ಬರೆದುಕೊಳ್ಳಲೇಬೇಕು.

ಕೊನೆಯ ಸ್ಲೈಡಿನಲ್ಲಿ ‘ಧನ್ಯವಾದಗಳು’ ಎನ್ನುವ ಜಾಗಕ್ಕೆ ನಿಮ್ಮ ತೊಡಕನ್ನು ಹಾಕಿ. ‘ಡೇಟಾ ಸರಿಯಿಲ್ಲ’ ಎಂದರೆ ಯಾರೂ ನೆರವಾಗಲಾರರು. ‘ವಯಸ್ಸಿನ ಕಾಲಂನಲ್ಲಿ 30% ಖಾಲಿ, ಕಾಲಂ ಬಿಡುವುದೋ, ಮೀಡಿಯನ್ (ಮಧ್ಯದ ಮೌಲ್ಯ) ತುಂಬುವುದೋ?’ ಎಂದು ಕೇಳಿ, ಉತ್ತರಕ್ಕೆ ಎರಡು ನಿಮಿಷ ಬಿಡಿ.