ಹಳೇ ಸಂವಿಧಾನ ಇಳಿಸಿ ಹೊಸದು ತಂದದ್ದು ಹೇಗೆ? ಡಿ ಗಾಲ್ ಸಂಪುಟದ ಏಳು ತಿಂಗಳು

ಒಂದು ಸಂವಿಧಾನ ಹೋಗಬೇಕು, ಇನ್ನೊಂದು ಬರಬೇಕು. ನಡುವೆ ದೇಶ ನಡೆಸುವವರು ಯಾರು? 1958ರಲ್ಲಿ ಫ್ರಾನ್ಸ್‌ನಲ್ಲಿ ಆ ಕೆಲಸ ಬಿದ್ದದ್ದು ಜನರಲ್ ಚಾರ್ಲ್ಸ್ ಡಿ ಗಾಲ್ ಅವರ ಸಂಪುಟದ ಮೇಲೆ. ಜೂನ್ 1ರಂದು ಶುರುವಾದ ಈ ಸರ್ಕಾರ 1959ರ ಜನವರಿ 8ಕ್ಕೆ ಮುಗಿಯಿತು.

ಮೊದಲು, ಹಳೇ ಬಾಗಿಲಿನಿಂದಲೇ ಒಳಗೆ

ಮೇ 13ರಂದು ಫ್ರಾನ್ಸ್ ಆಳ್ವಿಕೆಯಲ್ಲಿದ್ದ ಅಲ್ಜೀರಿಯಾದ ರಾಜಧಾನಿ ಅಲ್ಜಿಯರ್ಸ್‌ನಲ್ಲಿ ದಂಗೆ ಎದ್ದಿತು, ಸೇನಾಧಿಕಾರಿಗಳೂ ಕೈಜೋಡಿಸಿದರು. ಮೇ 24ಕ್ಕೆ ಕೋರ್ಸಿಕಾ ದ್ವೀಪವೂ ದಂಗೆಕೋರರ ಕೈಗೆ ಹೋಯಿತು. ಮುಂದಿನ ಸರದಿ ಪ್ಯಾರಿಸ್‌ನದು ಎಂಬ ಭಯ. ಪ್ರಧಾನಿ ಪಿಯೆರ್ ಫ್ಲಿಮ್ಲಿನ್ ರಾಜೀನಾಮೆ ಕೊಟ್ಟರು, ಅಧ್ಯಕ್ಷ ರೆನೆ ಕೊಟಿ ಡಿ ಗಾಲ್‌ಗೆ ಕರೆ ಕಳಿಸಿದರು. ಡಿ ಗಾಲ್ ಸಂಸತ್ತಿನ ಮುಂದೆ ನಿಂತು ಮತ ಕೇಳಿದರು. 329 ಪರ, 224 ವಿರುದ್ಧ. ಕಾಗದದ ಮೇಲೆ ಎಲ್ಲವೂ ಸರಿ. ಆದರೆ ಸೇನೆಯ ಬೆದರಿಕೆ ಬೆನ್ನ ಹಿಂದೆ ಇಲ್ಲದಿದ್ದರೆ ಅಷ್ಟು ಮತ ಬೀಳುತ್ತಿತ್ತಾ? ಮುಂದೆ ಅಧ್ಯಕ್ಷರಾದ ಸಂಸದ ಫ್ರಾನ್ಸ್ವಾ ಮಿತೆರಾಂ ಡಿ ಗಾಲ್‌ಗೆ ವಿರುದ್ಧವಾಗಿ ಮತ ಹಾಕಿದ್ದು ಸುಮ್ನೆ ಅಲ್ಲ.

ಆಮೇಲೆ, ಹಳಬರಿಗೂ ಕುರ್ಚಿ

ಸಮಾಜವಾದಿಗಳ ನಾಯಕ ಗಿ ಮೊಲ್ಲೆ, ಆಗಷ್ಟೇ ಇಳಿದಿದ್ದ ಫ್ಲಿಮ್ಲಿನ್, ಐವರಿ ಕೋಸ್ಟ್‌ನ ಫೆಲಿಕ್ಸ್ ಉಫುಯೆ ಬ್ವಾನ್ಯಿ ಮೂವರೂ ಸಚಿವರಾದರು. ಹಣಕಾಸು ಆಂತ್ವಾನ್ ಪಿನೆಗೆ, ಕಾನೂನು ಡಿ ಗಾಲ್‌ರ ನಂಬಿಕಸ್ಥ ಮಿಶೆಲ್ ದೆಬ್ರೆಗೆ. ಬೈಯಬೇಕಾದವರೇ ಒಳಗೆ ಕೂತರೆ ಹೊರಗೆ ಗದ್ದಲ ಕಡಿಮೆ, ಅಲ್ವಾ?

ಮೂರನೆಯದು, ಅಧಿಕಾರಕ್ಕೆ ಮೂಗುದಾರ

1940ರ ಜುಲೈನಲ್ಲಿ ಇದೇ ಥರ ಸಂವಿಧಾನ ಬರೆಯುವ ಅಧಿಕಾರವನ್ನು ಸಂಸತ್ತು ಮಾರ್ಷಲ್ ಪೆತಾಂ ಕೈಗೆ ಕೊಟ್ಟು, ಅವರು ಸರ್ವಾಧಿಕಾರಿಯಾಗಿ, ಕೈ ಸುಟ್ಟುಕೊಂಡಿತ್ತು. ಹಾಗಾಗಿ 1958ರ ಜೂನ್ 3ರ ಕಾನೂನಿನಲ್ಲಿ ಐದು ಷರತ್ತು ಹಾಕಿದರು. ಅಧಿಕಾರ ಜನರ ಮತದಿಂದಲೇ ಬರಬೇಕು. ಸರ್ಕಾರ ಬೇರೆ, ಸಂಸತ್ತು ಬೇರೆ ಇರಬೇಕು. ಆದರೂ ಸರ್ಕಾರ ಸಂಸತ್ತಿಗೆ ಉತ್ತರ ಕೊಡಬೇಕು. ನ್ಯಾಯಾಲಯ ಸ್ವತಂತ್ರವಾಗಿರಬೇಕು. ವಸಾಹತುಗಳ ಜೊತೆಗಿನ ಸಂಬಂಧಕ್ಕೊಂದು ವ್ಯವಸ್ಥೆ ಬೇಕು. ಈ ಐದರ ಜೊತೆಗೆ, ಕೊನೆಗೆ ಜನಮತಗಣನೆ ಕಡ್ಡಾಯ. ಆರು ತಿಂಗಳ ಪೂರ್ಣಾಧಿಕಾರ ಕೊಟ್ಟು ಸಂಸತ್ತು ರಜೆಗೆ ಹೋಯಿತು.

ಈಗ ಬರವಣಿಗೆ

ದೆಬ್ರೆ ತಜ್ಞರನ್ನು ಸೇರಿಸಿ ಕರಡು ಬರೆಸಿದರು. ಡಿ ಗಾಲ್ ಮತ್ತು ಹಿರಿಯ ಸಚಿವರು ಅದನ್ನು ತಿದ್ದಿದರು. ಜುಲೈ ಕೊನೆಯಲ್ಲಿ ಕರಡು ಮಾಜಿ ಪ್ರಧಾನಿ ಪಾಲ್ ರೆನೊ ಅಧ್ಯಕ್ಷತೆಯ 39 ಜನರ ಸಲಹಾ ಸಮಿತಿಗೆ ಹೋಯಿತು. ಆಗಸ್ಟ್ ಕೊನೆಗೆ ಸರ್ಕಾರಕ್ಕೆ ಕಾನೂನು ಸಲಹೆ ಕೊಡುವ ಕೌನ್ಸಿಲ್ ಆಫ್ ಸ್ಟೇಟ್‌ನ ಪರಿಶೀಲನೆ, ಸೆಪ್ಟೆಂಬರ್ 3ಕ್ಕೆ ಸಂಪುಟದ ಒಪ್ಪಿಗೆ.

ಹಳೇ ವ್ಯವಸ್ಥೆಯಲ್ಲಿ ಹನ್ನೆರಡು ವರ್ಷಕ್ಕೆ ಇಪ್ಪತ್ತಕ್ಕೂ ಹೆಚ್ಚು ಸರ್ಕಾರಗಳು ಬಿದ್ದಿದ್ದವು. ಅದಕ್ಕೆ ಮದ್ದು 49ನೇ ವಿಧಿಯಲ್ಲಿದೆ. ಅವಿಶ್ವಾಸ ಗೊತ್ತುವಳಿ ಬಂದಾಗ ಅದರ ಪರವಾದ ಮತಗಳನ್ನು ಮಾತ್ರ ಎಣಿಸುತ್ತಾರೆ. ಸದನದ ಒಟ್ಟು ಸದಸ್ಯರಲ್ಲಿ ಅರ್ಧಕ್ಕಿಂತ ಜಾಸ್ತಿ ಬೇಕು. ಗೈರಾದವನೂ, ಮತ ಹಾಕದೆ ಸುಮ್ಮನೆ ಕೂತವನೂ ಸರ್ಕಾರದ ಲೆಕ್ಕಕ್ಕೇ. ಇದೇ ವಿಧಿಯ ಮೂರನೇ ಭಾಗ ಇನ್ನೂ ಗಟ್ಟಿ: ಮಸೂದೆಯ ಮೇಲೆ ಸರ್ಕಾರ ತನ್ನ ಅಳಿವು ಉಳಿವು ಪಣಕ್ಕಿಟ್ಟರೆ, ಅವಿಶ್ವಾಸ ಗೆಲ್ಲದಿದ್ದರೆ ಮತದಾನವೇ ಇಲ್ಲದೆ ಮಸೂದೆ ಪಾಸು. ಸಚಿವನಾದವನು ಸಂಸದನ ಸ್ಥಾನ ಬಿಡಬೇಕು ಎಂಬ ನಿಯಮವೂ ಬಂತು. ನಮ್ಮಲ್ಲಿ ಇದಕ್ಕೆ ತದ್ವಿರುದ್ಧ. ಸಚಿವನಾದ ಆರು ತಿಂಗಳೊಳಗೆ ಸದನದ ಸದಸ್ಯನಾಗದಿದ್ದರೆ ಕುರ್ಚಿ ಹೋಗುತ್ತದೆ.

ಜನರ ಮುಂದೆ

ಸೆಪ್ಟೆಂಬರ್ 28ರ ಮತದಾನದಲ್ಲಿ ಫ್ರಾನ್ಸ್ ನೆಲದಲ್ಲೇ ಶೇ 79ಕ್ಕೂ ಹೆಚ್ಚು ಮಂದಿ ಹೌದು ಅಂದರು. ವಸಾಹತುಗಳೂ ಮತ ಹಾಕಿದವು, ಬೇಡ ಅಂದರೆ ಸ್ವಾತಂತ್ರ್ಯ. ಆಫ್ರಿಕಾದ ಗಿನಿ ಮಾತ್ರ ಬೇಡ ಅಂದಿತು, ಅಕ್ಟೋಬರ್ 2ಕ್ಕೆ ಸ್ವತಂತ್ರವಾಯಿತು. ಫ್ರಾನ್ಸ್ ತನ್ನ ಅಧಿಕಾರಿಗಳನ್ನೂ ನೆರವನ್ನೂ ವಾಪಸ್ ತೆಗೆದುಕೊಂಡಿತು. ಆಯ್ಕೆ ಕೊಟ್ಟು ಹೀಗೆ ಸೇಡು ತೀರಿಸಿದ್ದು ಸಣ್ಣತನವೇ.

ಉಳಿದ ಮೂರು ತಿಂಗಳು

ಅಕ್ಟೋಬರ್ 4ಕ್ಕೆ ಸಂವಿಧಾನ ಜಾರಿಯಾಯಿತು. ಹೊಸ ಸಂಸ್ಥೆಗಳು ಇನ್ನೂ ಹುಟ್ಟಿರಲಿಲ್ಲ. 92ನೇ ವಿಧಿ ಸಂಪುಟಕ್ಕೆ ನಾಲ್ಕು ತಿಂಗಳು ಸುಗ್ರೀವಾಜ್ಞೆಯ ಅಧಿಕಾರ ಕೊಟ್ಟಿತ್ತು. ಅದರ ಬಲದಿಂದ ಎರಡು ಸುತ್ತಿನ ಚುನಾವಣಾ ಪದ್ಧತಿ (ಮೊದಲ ಸುತ್ತಲ್ಲಿ ಯಾರಿಗೂ ಬಹುಮತ ಬರದಿದ್ದರೆ ಇನ್ನೊಂದು ಸುತ್ತು) ತಂದರು. ಸುಗ್ರೀವಾಜ್ಞೆಗಳ ಭರಾಟೆ ಅಲ್ಲಿಗೆ ನಿಲ್ಲಲಿಲ್ಲ. 100 ಹಳೇ ಫ್ರಾಂಕ್‌ಗೆ ಒಂದು ಹೊಸ ಫ್ರಾಂಕ್, 16 ವರ್ಷದವರೆಗೆ ಕಡ್ಡಾಯ ಶಾಲೆ ಎಲ್ಲವೂ ಹೀಗೇ ಬಂದವು. ಸಂಸತ್ತಿನಲ್ಲಾಗಿದ್ದರೆ ವರ್ಷಗಟ್ಟಲೆ ಎಳೆಯುತ್ತಿದ್ದವು.

ನವೆಂಬರ್‌ನಲ್ಲಿ ಸಂಸತ್ ಚುನಾವಣೆ, ಡಿಸೆಂಬರ್ 21ಕ್ಕೆ ಅಧ್ಯಕ್ಷರ ಆಯ್ಕೆ. ಜನವರಿ 8ಕ್ಕೆ ಕೊಟಿ ಅಧಿಕಾರ ಬಿಟ್ಟುಕೊಟ್ಟರು, ಡಿ ಗಾಲ್ ಅಧ್ಯಕ್ಷರಾದರು, ದೆಬ್ರೆ ಪ್ರಧಾನಿ. 49ನೇ ವಿಧಿಯ ಆ ಮೂರನೇ ಭಾಗವನ್ನು ಮೊದಲು ಬಳಸಿದ್ದೂ ದೆಬ್ರೆಯವರೇ, ಅದೇ ವರ್ಷ ಬಜೆಟ್‌ಗಾಗಿ. 2023ರಲ್ಲಿ ನಿವೃತ್ತಿ ವಯಸ್ಸನ್ನು 62ರಿಂದ 64ಕ್ಕೆ ಏರಿಸಲು ಫ್ರಾನ್ಸ್ ಸರ್ಕಾರ ಹಿಡಿದದ್ದೂ ಇದೇ ದಾರಿ.