ಕ್ಯಾಂಪರ್‌ವ್ಯಾನ್‌ನಲ್ಲಿ ಡೇಂಟ್ರೀ ಕಾಡಿಗೆ ಹೋಗುವವರಿಗೆ

ಆಸ್ಟ್ರೇಲಿಯಾದಲ್ಲಿ ಗಂಡ-ಹೆಂಡತಿ ಇಬ್ಬರೇ ಕ್ಯಾಂಪರ್‌ವ್ಯಾನ್ (ಒಳಗೇ ಮಲಗಬಹುದಾದ ವ್ಯಾನ್) ತಗೊಂಡು ಕೇರ್ನ್ಸ್‌ನಿಂದ ಕೇಪ್ ಟ್ರಿಬ್ಯುಲೇಶನ್‌ಗೆ ಹೊರಟಿದ್ದೀರಾ? ದಾರಿ ಸುಮಾರು 140 ಕಿ.ಮೀ. ಅಷ್ಟೇ. ಆದರೂ ಒಂದೇ ದಿನದಲ್ಲಿ ಹೋಗಿ ಬರಬೇಡಿ, ಡೇಂಟ್ರೀ ಮಳೆಕಾಡಿನಲ್ಲಿ ಒಂದು ರಾತ್ರಿಯಾದರೂ ಉಳಿಯಲೇಬೇಕು. ಮೇಯಿಂದ ಸೆಪ್ಟೆಂಬರ್‌ವರೆಗೆ ಮಳೆ ಕಡಿಮೆ, ಆಗ ಹೋಗಿ.

ದಾರಿಯಲ್ಲಿ ಸಿಗುವ ಮಾಸ್‌ಮನ್ ಊರಿನಲ್ಲೇ ಟ್ಯಾಂಕ್ ತುಂಬಿಸಿ, ದಿನಸಿ ತಗೊಳ್ಳಿ. ಡೇಂಟ್ರೀ ನದಿಯನ್ನು ವ್ಯಾನ್ ಸಮೇತ ಫೆರ್ರಿಯಲ್ಲಿ ದಾಟಬೇಕು. ಆಚೆ ದಡದಲ್ಲಿ ಮೊಬೈಲ್ ಸಿಗ್ನಲ್ ಅಪರೂಪ. ಮ್ಯಾಪ್ ಮೊದಲೇ ಡೌನ್‌ಲೋಡ್ ಮಾಡಿಕೊಳ್ಳಿ, ಉಳಿಯುವ ಜಾಗವನ್ನೂ ಬುಕ್ ಮಾಡಿ. ರಸ್ತೆ ಬದಿಯಲ್ಲಿ ನಿಲ್ಲಿಸಿ ಮಲಗುವಂತಿಲ್ಲ.

ಟಾರು ರಸ್ತೆ ಕೇಪ್ ಟ್ರಿಬ್ಯುಲೇಶನ್‌ವರೆಗೆ ಮಾತ್ರ. ಮುಂದಿನ ಬ್ಲೂಮ್‌ಫೀಲ್ಡ್ ಟ್ರ್ಯಾಕ್‌ಗೆ ಫೋರ್ ವೀಲ್ ಡ್ರೈವ್ ಬೇಕು. ಬಾಡಿಗೆ ವ್ಯಾನ್‌ಗಳಿಗೆ ಮಣ್ಣಿನ ರಸ್ತೆಯಲ್ಲಿ ಸಾಮಾನ್ಯವಾಗಿ ಇನ್ಶೂರೆನ್ಸ್ ಇರುವುದಿಲ್ಲ, ಕಾಗದ ಓದಿ ನೋಡಿ.

ಮೊಸಳೆ ಬಗ್ಗೆ ದಯವಿಟ್ಟು ಹುಷಾರು. ನದಿ, ತೊರೆ, ಸಮುದ್ರ ತೀರ, ಎಲ್ಲಾದರೂ ಇರಬಹುದು. ನೀರಿನ ಅಂಚಿನಿಂದ ಕನಿಷ್ಠ 5 ಮೀಟರ್ ದೂರವಿರಿ. ಸುಮ್ನೆ ಪಾತ್ರೆ ತೊಳೆಯಲು ಅಂತಾನೂ ಇಳಿಯಬೇಡಿ.

ತಿರುವುಗಳಲ್ಲಿ ನಿಧಾನ. ಕ್ಯಾಸೊವರಿ ಹಕ್ಕಿ ರಸ್ತೆಗೇ ಬಂದುಬಿಡುತ್ತದೆ. ಆಳೆತ್ತರ, ಕಪ್ಪು ಮೈ, ನೀಲಿ ಕುತ್ತಿಗೆ. ಹಿಂದೆ ಪಟ್ಟೆ ಪಟ್ಟೆ ಮರಿಗಳಿದ್ದರೆ ಅದು ಅಪ್ಪ ಹಕ್ಕಿ, ಮರಿ ಕಾಯುವಾಗ ಕೋಪ ಜಾಸ್ತಿ. ನಡೆದು ಹೋಗುವಾಗ ಎದುರಾದರೆ ಓಡಬೇಡಿ. ಬ್ಯಾಗ್ ಮುಂದೆ ಹಿಡಿದು ಮೆಲ್ಲಗೆ ಹಿಂದೆ ಸರಿಯಿರಿ. ತಿಂಡಿಯಂತೂ ಖಂಡಿತ ಹಾಕಬೇಡಿ.