ಕೀ ಗೊಂಚಲು ಯಾವ ಕೋಣೆಯಲ್ಲಿದೆ? ಬೀಕನ್ ಲೆಕ್ಕ ಸರಿಮಾಡುವ ಬಗೆ

ಕೀ ಗೊಂಚಲಿಗೆ ಬ್ಲೂಟೂತ್ ಬೀಕನ್ (ಆಗಾಗ ಸಿಗ್ನಲ್ ಕಳಿಸುತ್ತಿರುವ ಪುಟ್ಟ ಸಾಧನ) ಕಟ್ಟಿ ಮೇಜಿನ ಮೇಲಿಟ್ಟೆ. ಫೋನ್ ಎರಡು ಮೀಟರ್ ಎಂದಿತು. ನಿಂತಲ್ಲೇ ಬೆನ್ನು ತಿರುಗಿಸಿದೆ ಅಷ್ಟೆ, ಆರು ಮೀಟರ್ ಎಂದಿತು! ಬ್ಲೂಟೂತ್ ಬಳಸುವ 2.4 ಗಿಗಾಹರ್ಟ್ಸ್ ಅಲೆಗಳನ್ನು ನೀರು ಹೀರುತ್ತದೆ, ನಮ್ಮ ಮೈಯಲ್ಲಿ ನೀರೇ ಜಾಸ್ತಿ ಅಲ್ವಾ.

ಫೋನ್ ದೂರವನ್ನು ಅಳೆಯುವುದೇ ಇಲ್ಲ. ಸಿಗ್ನಲ್ ಎಷ್ಟು ಬಲವಾಗಿದೆ ಎಂದು ನೋಡಿ ಊಹಿಸುತ್ತದೆ. ಆ ಊಹೆಯನ್ನು ತಿದ್ದುವುದೇ ನಮ್ಮ ಕೆಲಸ.

ಮೊದಲು, ಬೀಕನ್‌ನಿಂದ ಸರಿಯಾಗಿ 1 ಮೀಟರ್ ದೂರದಲ್ಲಿ ಒಂದು ನಿಮಿಷ ಸಿಗ್ನಲ್ ಬರೆದುಕೊಳ್ಳಿ. ಕಂಪನಿ ಕೊಟ್ಟ ಅಂಕಿಯನ್ನು ನಂಬಬೇಡಿ, ಪಕ್ಕದಲ್ಲಿ ಕಬ್ಬಿಣದ ಬೀರು ಇದ್ದರೆ ಅದು ಕೆಲಸಕ್ಕೆ ಬಾರದು. ನಿಮಗೆ ಮೈನಸ್ 59 ಡಿಬಿಎಂ (ಸಿಗ್ನಲ್ ಬಲದ ಅಳತೆ; ಮೈನಸ್ ಮುಂದಿನ ಅಂಕಿ ಹೆಚ್ಚಿದಷ್ಟೂ ಸಿಗ್ನಲ್ ಕ್ಷೀಣ) ಬಂತು ಎನ್ನೋಣ.

ಆಮೇಲೆ 4 ಮೀಟರ್‌ನಲ್ಲಿ ಅಳೆಯಿರಿ. ಮೈನಸ್ 74 ಬಂದರೆ ಇಳಿತ 15. ಅದನ್ನು 6ರಿಂದ (ದೂರ ನಾಲ್ಕು ಪಟ್ಟಾದಾಗ ಬಳಸುವ ಅಂಕಿ, 10 × log 4) ಭಾಗಿಸಿ: 2.5. ಸಿಗ್ನಲ್ ನಿಮ್ಮ ಮನೆಯಲ್ಲಿ ಎಷ್ಟು ಬೇಗ ಕುಂದುತ್ತದೆ ಎಂಬುದರ ಅಂಕಿ ಇದು. ಬಯಲಿನಲ್ಲಿ ಇದು 2. ಸಣ್ಣ ವ್ಯತ್ಯಾಸ ಎನ್ನಬೇಡಿ. ದೂರ ಊಹಿಸುವ ಲೆಕ್ಕದಲ್ಲಿ ಮೈನಸ್ 71 ಸಿಗ್ನಲ್‌ಗೆ 2 ಹಾಕಿದರೆ 4 ಮೀಟರ್, 2.5 ಹಾಕಿದರೆ 3 ಮೀಟರ್.

ಇನ್ನು ಸಿಗ್ನಲ್ ಅಂಕಿಗಳ ಕುಣಿತ ನಿಲ್ಲಿಸಬೇಕು. ಬೀಕನ್ ಸಾಮಾನ್ಯವಾಗಿ 37, 38, 39 ಎಂಬ ಮೂರು ಚಾನೆಲ್‌ಗಳಲ್ಲಿ ಕೂಗುತ್ತದೆ. ಗೋಡೆಗೆ ಬಡಿದು ಬರುವ ಅಲೆಗಳು ಒಂದೊಂದರಲ್ಲೂ ಒಂದೊಂದು ಥರ ಬೆರೆಯುತ್ತವೆ. ಅದಕ್ಕೇ ಕೊನೆಯ 11 ಅಂಕಿಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿ, ನಡುವಿನದನ್ನು ಮಾತ್ರ ಬಳಸಿ. ಸರಾಸರಿ ಬೇಡ, ಒಂದು ಕೆಟ್ಟ ಅಂಕಿ ಬಂದರೂ ಅದು ಎತ್ತಲೋ ವಾಲುತ್ತದೆ. ಬೀಕನ್ ಸೆಕೆಂಡಿಗೆ ಒಂದೇ ಸಲ ಕೂಗುತ್ತಿದ್ದರೆ 11 ಅಂಕಿಗೆ 11 ಸೆಕೆಂಡ್ ಕಾಯಬೇಕು. ಕೂಗುವ ಅಂತರವನ್ನು 100 ಮಿಲಿಸೆಕೆಂಡಿಗೆ ಇಳಿಸಿದರೆ ಬೇಗ ಗೊತ್ತಾಗುತ್ತದೆ, ಬ್ಯಾಟರಿಯೂ ಬೇಗ ಮುಗಿಯುತ್ತದೆ.

‘ಹತ್ತಿರ’ ಎನ್ನಲು ಒಂದೇ ಗಡಿ ಇಡಬೇಡಿ. ಸಿಗ್ನಲ್ ಮೈನಸ್ 70ಕ್ಕಿಂತ ಬಲವಾದರೆ ಒಳಗೆ, ಮೈನಸ್ 76ಕ್ಕಿಂತ ಕುಂದಿದರೆ ಮಾತ್ರ ಹೊರಗೆ. ಇಲ್ಲದಿದ್ದರೆ ಹೊಸ್ತಿಲಲ್ಲಿ ನಿಂತವರನ್ನು ಫೋನ್ ಸುಮ್ನೆ ಒಳಗೆ ಹೊರಗೆ ಓಡಾಡಿಸುತ್ತದೆ.

ನಿಜ ಹೇಳಬೇಕೆಂದರೆ, ಮೀಟರ್ ಲೆಕ್ಕಕ್ಕಿಂತ ಕೋಣೆ ಲೆಕ್ಕವೇ ವಾಸಿ. ಕೋಣೆಗೊಂದು ಇಎಸ್‌ಪಿ32 ಬೋರ್ಡ್ (ಬ್ಲೂಟೂತ್ ಸಿಗ್ನಲ್ ಕೇಳಬಲ್ಲ ಪುಟ್ಟ ಕಂಪ್ಯೂಟರ್ ಬೋರ್ಡ್) ಎತ್ತರದಲ್ಲಿಟ್ಟು, ಯಾವುದಕ್ಕೆ ಸಿಗ್ನಲ್ ಜೋರಾಗಿ ಕೇಳುತ್ತದೆ ನೋಡಿ. ಅಡಿಗೆಮನೆಯದು ಗೆದ್ದರೆ ಕೀ ಅಲ್ಲೇ ಎಲ್ಲೋ ಇದೆ. ಡಬ್ಬಿಗಳ ಹಿಂದೆ ಕೈಯಾಡಿಸುವುದಂತೂ ತಪ್ಪಿದ್ದಲ್ಲ.